ಮಳೆಯ ಲೆಕ್ಕ ಮಕ್ಕಳ ಕೈಗೆ ಕೊಡಿ: ಮೂರು ತಾಲ್ಲೂಕುಗಳ ಗಣಿತ ಶಿಕ್ಷಕರಿಗೊಂದು ಬಹಿರಂಗ ಪತ್ರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುತ್ತಿರುವ ಎಲ್ಲ ಶಿಕ್ಷಕ, ಶಿಕ್ಷಕಿಯರಿಗೆ,

ಮಾನ್ಯರೇ,

ಹಿರೇಕೊಡಿಗೆಯಿಂದ ಬರೆಯುತ್ತಿದ್ದೇನೆ. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ ಊರು ಎಂದರೆ ಬೇರೆ ಗುರುತು ಹೇಳಬೇಕಾಗಿಲ್ಲ. ಬಿ.ಎಸ್ಸಿ. ಓದಿ ತೋಟಕ್ಕೆ ಮರಳಿದ ಅಡಿಕೆ ಬೆಳೆಗಾರ ನಾನು. ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೆ. ಇಂಥ ಪುಸ್ತಕಗಳು ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ, ಕಾಫಿ ಎಸ್ಟೇಟುಗಳಲ್ಲಿ ಇವೆ ಎಂಬುದು ನಿಮಗೂ ಗೊತ್ತು.

ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಹಿಸ್ಟೋಗ್ರಾಮ್ ಕುರಿತು ನಿಮ್ಮಲ್ಲಿ ಒಂದು ಕೋರಿಕೆ ಇದೆ. ಅದನ್ನು ನಮ್ಮ ಮಳೆಯ ಅಂಕಿಗಳಿಂದಲೇ ಕಲಿಸಿ. ವರ್ಗಾಂತರ ಎಷ್ಟಿರಬೇಕೆಂದು ನಿರ್ಧರಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ. ಚಿತ್ರ ಎಳೆದು ಮುಗಿದ ಮೇಲೆ, ಅದು ಏನು ಹೇಳುತ್ತದೆಂದು ಅವರ ಮಾತಿನಲ್ಲೇ ಬರೆಸಿ. ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇಕೆ ಎನಿಸಬಹುದು. ಮುಂದೆ ಓದಿ ನೋಡಿ, ಇದು ಸಣ್ಣದಲ್ಲ ಎಂದು ನೀವೂ ಒಪ್ಪುತ್ತೀರೆಂಬ ನಂಬಿಕೆ ನನಗಿದೆ.

ಮೊದಲು ಸರಾಸರಿಯ ವಿಚಾರ. ಲೆಕ್ಕಕ್ಕೆಂದು ಎರಡು ಜುಲೈ ತಿಂಗಳುಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ 31 ದಿನವೂ ದಿನಕ್ಕೆ 30 ಮಿ.ಮೀ. ಮಳೆ ಬಂತು. ಇನ್ನೊಂದರಲ್ಲಿ 26 ದಿನ ಐದೈದು ಮಿ.ಮೀ., ಉಳಿದ 5 ದಿನ 160 ಮಿ.ಮೀ.ನಂತೆ ಹೊಡೆಯಿತು. ಎರಡರ ಮೊತ್ತವೂ 930 ಮಿ.ಮೀ., ಎರಡರ ಸರಾಸರಿಯೂ ದಿನಕ್ಕೆ 30 ಮಿ.ಮೀ. ಆದರೆ ಮೊದಲ ಜುಲೈಯಲ್ಲಿ ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನದ ಹೊಳವೂ ಸಿಗದೆ ಅಡಿಕೆಗೆ ಕೊಳೆ ಬೀಳುತ್ತದೆ. ಎರಡನೆಯದರಲ್ಲಿ ಧರೆ ಕುಸಿಯುತ್ತದೆ, ಹಳ್ಳ ಉಕ್ಕಿ ಗದ್ದೆಯ ಮೇಲೆ ಮರಳು ಹಾಸುತ್ತದೆ. ನಮ್ಮದೇ ಜಿಲ್ಲೆಯ ಮೂಡಿಗೆರೆ, ಕಳಸದ ಕಡೆ 2019ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದು ಕೆಲವೇ ದಿನಗಳ ಮಳೆಗೆ. ಸರಾಸರಿ ಎಂಬ ಒಂದೇ ಅಂಕಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಯಾವ ಪ್ರಮಾಣದ ಮಳೆ ಎಷ್ಟು ದಿನ ಬಂತು ಎಂಬ ಹಂಚಿಕೆಯನ್ನು ಕಣ್ಣಿಗೆ ತೋರಿಸುವುದು ಹಿಸ್ಟೋಗ್ರಾಮ್. ಮಲೆನಾಡಿನ ಮಗುವಿಗೆ ಅದನ್ನು ಓದಲು ಬಂದರೆ ತನ್ನ ಮನೆಯ ಬದುಕನ್ನೇ ಓದಲು ಬಂದಂತೆ.

ನಮ್ಮ ನೆರೆಮನೆಯಲ್ಲಿ ಒಂಬತ್ತನೇ ತರಗತಿ ಓದುವ ಹುಡುಗಿ ಇದ್ದಾಳೆ. ಒಂದು ಸಂಜೆ ಅವಳ ಗ್ರಾಫ್ ಪುಸ್ತಕ ನೋಡಿದೆ. ಹಿಸ್ಟೋಗ್ರಾಮ್ ಅಚ್ಚುಕಟ್ಟಾಗಿತ್ತು, ಅಳತೆ ಸರಿ, ಗೆರೆ ನೇರ, ಬಣ್ಣವೂ ಚೆಂದ. "ಇದರಿಂದ ಎಂಥ ಗೊತ್ತಾಗ್ತದೆ ಮಗಾ?" ಎಂದು ಕೇಳಿದೆ. "ಅದನ್ನು ಬರೀಬೇಕಂತಿಲ್ಲ ಅಜ್ಜಯ್ಯ, ಎಳೆದ್ರೆ ಸಾಕು" ಎಂದಳು. ಅವಳ ತಪ್ಪು ಇಲ್ಲಿ ಎಳ್ಳಷ್ಟೂ ಇಲ್ಲ. ಪ್ರಶ್ನೆಯಲ್ಲಿ ವರ್ಗಾಂತರ, ಆವೃತ್ತಿ ಎರಡೂ ಸಿದ್ಧವಾಗಿ ಬಂದಿರುತ್ತವೆ. ಅವನ್ನು ಗ್ರಾಫ್ ಹಾಳೆಗೆ ಇಳಿಸುವುದಷ್ಟೇ ಮಗುವಿನ ಪಾಲಿಗೆ ಉಳಿದ ಕೆಲಸ. ಚಿತ್ರಕ್ಕೂ ಮೊದಲು ಮಾಡಬೇಕಾದ ಯೋಚನೆ, ಚಿತ್ರವಾದ ಮೇಲೆ ಮಾಡಬೇಕಾದ ಯೋಚನೆ ಎರಡೂ ಅವಳ ಪಾಲಿಗೆ ಬರಲೇ ಇಲ್ಲ.

ನನ್ನ ಪುಸ್ತಕದ ಒಂದು ಮಳೆಗಾಲದ ಪುಟಗಳನ್ನು ಅವಳಿಗೂ ಅವಳ ಅಣ್ಣನಿಗೂ ಕೊಟ್ಟೆ. ಜೂನ್, ಜುಲೈ, ಆಗಸ್ಟ್ ಸೇರಿ 92 ಅಂಕಿಗಳು. ನಮ್ಮ ಲೆಕ್ಕ ಇಂಚು, ಸೆಂಟಿನಲ್ಲಿ ಇರುವುದರಿಂದ ಮೊದಲು ಅವನ್ನು ಮಿ.ಮೀ.ಗೆ ತಂದರು. ಇಂಚಿಗೆ 25.4 ಮಿ.ಮೀ., ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು; ದಶಮಾಂಶ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇಕೇ? ಆಮೇಲೆ ತಾಳೆ ಗುರುತು ಹಾಕಲು ಕೂತರು. ಅಣ್ಣ 50 ಮಿ.ಮೀ.ಗೆ ಒಂದು ವರ್ಗ ಮಾಡಿದ. ಬಹುತೇಕ ದಿನಗಳು ಮೊದಲ ಕಂಬದಲ್ಲೇ ಅಡಕವಾದವು. ಸೋನೆ ಮಳೆಗೂ ಜಡಿಮಳೆಗೂ ಭೇದವೇ ಉಳಿಯಲಿಲ್ಲ. ತಂಗಿ 2 ಮಿ.ಮೀ.ಗೆ ಒಂದು ವರ್ಗ ಮಾಡಿದಳು. ಅವಳದು ಗರಗಸದ ಹಲ್ಲಿನಂತೆ ಏರುಪೇರಾಗಿ, ಅಲ್ಲಲ್ಲಿ ಖಾಲಿ ಬಿಟ್ಟು, ಹಾಳೆಯಿಂದ ಹಾಳೆಗೆ ಸಾಗಿತು. ಇಬ್ಬರೂ ಒಂದಷ್ಟು ಹೊತ್ತು ವಾದ ಮಾಡಿ ಕೊನೆಗೆ 10 ಮಿ.ಮೀ.ಗೆ ಒಪ್ಪಿದರು. ಆಗ ಚಿತ್ರಕ್ಕೊಂದು ಆಕಾರ ಬಂತು: ಎಡಕ್ಕೆ ಎತ್ತರವಾಗಿ ಶುರುವಾಗಿ, ತಗ್ಗುತ್ತಾ ತಗ್ಗುತ್ತಾ, ಬಲಕ್ಕೆ ಉದ್ದನೆಯ ಬಾಲ. "ದೊಡ್ಡ ಮಳೆ ಬಂದಿದ್ದು ಸ್ವಲ್ಪ ದಿನ ಮಾತ್ರ" ಎಂದು ತಂಗಿ ಹೇಳಿದಳು. ಅದು ಅವಳೇ ಕಂಡ ಮಾತು, ಯಾವ ಗೈಡಿನಲ್ಲೂ ಇರಲಿಲ್ಲ.

ಅಂಕಿಗಳು ಅವೇ, ವರ್ಗಾಂತರ ಬದಲಾದರೆ ಚಿತ್ರ ಬದಲಾಗುತ್ತದೆ. ಈ ಒಂದು ಅರಿವು ಮಗುವಿಗೆ ಬಂದರೆ ನಾಳೆ ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಬರುವ ಯಾವ ನಕ್ಷೆಯನ್ನೂ ಅದು ಕಣ್ಣುಮುಚ್ಚಿ ನಂಬುವುದಿಲ್ಲ. ಇದನ್ನು ವಿಂಗಡಿಸಿದವರು ಯಾರು, ಹೀಗೆಯೇ ಏಕೆ ವಿಂಗಡಿಸಿದರು ಎಂದು ಕೇಳುತ್ತದೆ. ಸಿದ್ಧ ವರ್ಗಾಂತರ ಕೊಟ್ಟು ಕೂರಿಸಿದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಇನ್ನು ಸ್ತಂಭ ನಕ್ಷೆಗೂ ಹಿಸ್ಟೋಗ್ರಾಮಿಗೂ ಇರುವ ವ್ಯತ್ಯಾಸ. "ಅದರಲ್ಲಿ ಕಂಬಗಳ ನಡುವೆ ಜಾಗ ಇರ್ತದೆ, ಇದರಲ್ಲಿ ಇರಲ್ಲ" ಎಂದು ಮಕ್ಕಳು ಒಪ್ಪಿಸುತ್ತಾರೆ. ಏಕೆ ಎಂದರೆ ಸುಮ್ಮನಾಗುತ್ತಾರೆ. ನಮ್ಮೂರಿನಲ್ಲಿ ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸಿಗೆ ಹೋಗುವ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ವಿಂಗಡಿಸುತ್ತೇವೆ. ಯಾವುದು ಎಷ್ಟು ಚೀಲ ಎಂಬುದಕ್ಕೆ ಸ್ತಂಭ ನಕ್ಷೆ ಬೇಕು, ಏಕೆಂದರೆ ಅವು ಬೇರೆ ಬೇರೆ ಬಗೆಗಳು. ಬೆಟ್ಟೆಯನ್ನು ಮೊದಲಿಟ್ಟರೂ ಗೊರಬಲನ್ನು ಮೊದಲಿಟ್ಟರೂ ಅರ್ಥ ಕೆಡುವುದಿಲ್ಲ. ಮಳೆ ಹಾಗಲ್ಲ. 10 ಮಿ.ಮೀ. ಮುಗಿದಲ್ಲೇ ಮುಂದಿನ ವರ್ಗ ಶುರು, ನಡುವೆ ಸಂದಿಯಿಲ್ಲ, ಸಾಲನ್ನು ಅದಲುಬದಲು ಮಾಡುವಂತಿಲ್ಲ. ಅದಕ್ಕೇ ಆಯತಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಸರಿಯಾಗಿ 10 ಮಿ.ಮೀ. ಬಂದ ದಿನವನ್ನು 0–10ಕ್ಕೆ ಸೇರಿಸಬೇಕೋ 10–20ಕ್ಕೋ ಎಂಬ ಪ್ರಶ್ನೆ ತಾಳೆ ಗುರುತು ಹಾಕುವಾಗ ತಾನಾಗಿಯೇ ಬರುತ್ತದೆ. 10–20ಕ್ಕೆ ಎಂಬ ಪಠ್ಯದ ನಿಯಮವನ್ನು ಆಗ ಹೇಳಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಎಲ್ಲಕ್ಕಿಂತ ಕಷ್ಟದ ಭಾಗ ವರ್ಗಾಂತರಗಳು ಸಮನಾಗಿಲ್ಲದಾಗಿನದು. ಬಹುಕಾಲ ಬಳಕೆಯಲ್ಲಿದ್ದ ಒಂಬತ್ತನೇ ತರಗತಿಯ ಎನ್.ಸಿ.ಇ.ಆರ್.ಟಿ. ಗಣಿತ ಪುಸ್ತಕದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಒಬ್ಬ ಶಿಕ್ಷಕಿ 90 ವಿದ್ಯಾರ್ಥಿಗಳ ಅಂಕಗಳನ್ನು ವಿಂಗಡಿಸುತ್ತಾರೆ. 20ಕ್ಕಿಂತ ಕಡಿಮೆ ಪಡೆದವರು, 70 ಅಥವಾ ಹೆಚ್ಚು ಪಡೆದವರು ಕೆಲವರೇ ಆದ್ದರಿಂದ 0–20, 70–100 ಎಂಬ ಅಗಲ ವರ್ಗಗಳನ್ನೂ ನಡುವೆ ಹತ್ತತ್ತರ ವರ್ಗಗಳನ್ನೂ ಮಾಡುತ್ತಾರೆ. 70–100ರಲ್ಲಿರುವ 8 ಮಂದಿಗೆ 8ರ ಎತ್ತರದ ಆಯತ ಎಳೆದರೆ ತಪ್ಪು ಚಿತ್ರ, ಆವೃತ್ತಿಯನ್ನು ವರ್ಗದ ಅಗಲದಿಂದ ಭಾಗಿಸಿ ಹತ್ತರಿಂದ ಗುಣಿಸಿದ 2.67ರ ಎತ್ತರ ಬೇಕು ಎಂದು ಪುಸ್ತಕ ವಿವರಿಸುತ್ತದೆ. ಮಕ್ಕಳು ಈ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಏಕೆ ಎಂಬುದು ಮಳೆಯ ಲೆಕ್ಕದಲ್ಲಿ ಇನ್ನೂ ಚೆನ್ನಾಗಿ ಹೊಳೆಯುತ್ತದೆ ಎಂಬುದು ನನ್ನ ಅನುಭವ.

ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಸಮನಲ್ಲದ ವರ್ಗಗಳಲ್ಲೇ ವಿಂಗಡಿಸುತ್ತದೆ. 2.5ರಿಂದ 15.5 ಮಿ.ಮೀ. ಹಗುರ ಮಳೆ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲಿನದು ವಿಪರೀತ ಭಾರಿ. ಮಳೆಗಾಲದಲ್ಲಿ ರಜೆ ಕೊಡುತ್ತಾರೋ ಇಲ್ಲವೋ ಎಂದು ಮಕ್ಕಳು ಕಾಯುವುದು ಇದೇ ಎಚ್ಚರಿಕೆಗಳನ್ನು ನೋಡಿಕೊಂಡು. 64.4ಕ್ಕೂ 64.5ಕ್ಕೂ ನಡುವೆ ಸಂದಿ ಇದೆಯಲ್ಲ, ಅದನ್ನು ಮುಚ್ಚಲು ಗಡಿಯನ್ನು 64.45ಕ್ಕೆ ಇಡಬೇಕೆಂಬ ಪಾಠವೂ ಇಲ್ಲೇ ಸಿಗುತ್ತದೆ.

ಈಗ ಲೆಕ್ಕಕ್ಕೆ ಸುಲಭವಾಗಲೆಂದು ನಾನೇ ಕಟ್ಟಿದ ಒಂದು ಮಳೆಗಾಲ. 92 ದಿನಗಳಲ್ಲಿ ಮಳೆಯೇ ಇಲ್ಲದ ಅಥವಾ 2.45 ಮಿ.ಮೀ.ಗಿಂತ ಕಡಿಮೆ ಬಂದ ದಿನ 8, ಹಗುರ ಮಳೆಯ ದಿನ 26, ಸಾಧಾರಣ ಮಳೆಯ ದಿನ 42, ಭಾರಿ 12, ಅತಿ ಭಾರಿ 4. ದಿನಗಳ ಸಂಖ್ಯೆಯನ್ನೇ ಎತ್ತರ ಮಾಡಿದರೆ ನಡುವಿನ 42ರ ಕಂಬ ಎಲ್ಲಕ್ಕಿಂತ ಎತ್ತರವಾಗಿ ಕೂರುತ್ತದೆ. ಮಳೆ ಸಾಧಾರಣ ಮಟ್ಟದಲ್ಲೇ ಗುಂಪುಗೂಡಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಆ ವರ್ಗದ ಅಗಲ 48.9 ಮಿ.ಮೀ., ಹಗುರ ಮಳೆಯ ವರ್ಗದ್ದು 13.1 ಮಾತ್ರ. ಪ್ರತಿ 10 ಮಿ.ಮೀ. ಅಗಲಕ್ಕೆ ಎಷ್ಟು ದಿನ ಎಂದು ಲೆಕ್ಕ ಹಾಕಿದರೆ ಎತ್ತರಗಳು ಸುಮಾರು 33, 20, 8.6, 2.3, 0.45 ಎಂದು ಇಳಿಯುತ್ತಾ ಹೋಗುತ್ತವೆ. ನಡುವಿನ ಗುಡ್ಡ ಮಾಯವಾಗಿ ನಿಜವಾದ ಇಳಿಜಾರು ಕಾಣುತ್ತದೆ. ಎತ್ತರವಲ್ಲ, ವಿಸ್ತೀರ್ಣವೇ ಆವೃತ್ತಿ ಎಂಬ ಮಾತನ್ನು ಒಮ್ಮೆ ಹೀಗೆ ಕೈಯಾರೆ ಮಾಡಿ ನೋಡಿದ ಮಗು ಎಂದೂ ಮರೆಯುವುದಿಲ್ಲ. ವಿಪರೀತ ಭಾರಿ ಎಂಬ ಕೊನೆಯ ವರ್ಗಕ್ಕೆ ಮೇಲಿನ ಗಡಿಯೇ ಇಲ್ಲವಲ್ಲ, ಅದನ್ನು ಎಳೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಿಮ್ಮ ತರಗತಿ ಗೆದ್ದಂತೆ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಪೋರ್ಷನ್ ಮುಗಿಸಬೇಕು, ದಾಖಲೆ ತುಂಬಬೇಕು, ತರಬೇತಿಗೆ ಹೋಗಬೇಕು, ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೆ ಉತ್ತರ ಹೇಳಬೇಕು. ಮಳೆ ರಜೆಗೆ ಕಳೆದುಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ಕೂತು ತುಂಬಿಕೊಡಬೇಕು. ಇದರ ನಡುವೆ ಹೊಸ ಹೊರೆ ಹೊರಿಸುತ್ತಿಲ್ಲ. ಇದ್ದ ಪಾಠವನ್ನೇ, ಇರುವ ಅವಧಿಗಳಲ್ಲೇ, ಬೇರೆ ಅಂಕಿಗಳಿಂದ ಮಾಡಿ ಎನ್ನುತ್ತಿದ್ದೇನೆ. ಹತ್ತನೇ ತರಗತಿಯಲ್ಲಿ ವರ್ಗೀಕೃತ ದತ್ತಾಂಶಗಳ ಸರಾಸರಿ, ಮಧ್ಯಾಂಕ, ಬಹುಲಕ ಬಂದಾಗ ಈ ಶ್ರಮ ವಾಪಸು ಸಿಗುತ್ತದೆ. ಸಮ ವರ್ಗಾಂತರದ ಹಿಸ್ಟೋಗ್ರಾಮಿನಲ್ಲಿ ಅತಿ ಎತ್ತರದ ಆಯತವನ್ನು ಬೆರಳಿಟ್ಟು ತೋರಿಸಬಲ್ಲ ಮಗುವಿಗೆ ಬಹುಲಕದ ವರ್ಗ ಯಾವುದೆಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಅನುಕೂಲವೂ ಇದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ತರಗತಿಗೆ ಹದಿನೈದು ಇಪ್ಪತ್ತು ಮಕ್ಕಳಿದ್ದರೆ ಹೆಚ್ಚು. ಅವರ ಎತ್ತರ, ತೂಕ, ಅಂಕಗಳಿಂದ ಹಿಸ್ಟೋಗ್ರಾಮ್ ಮಾಡಿದರೆ ಆಕಾರವೇ ಮೂಡುವುದಿಲ್ಲ. ಜೊತೆಗೆ ಯಾರ ಅಂಕ ಕಡಿಮೆ, ಯಾರ ತೂಕ ಹೆಚ್ಚು ಎಂದು ಮಕ್ಕಳ ಮನಸ್ಸು ನೋಯುತ್ತದೆ. ಮಳೆಯ ಅಂಕಿಯಿಂದ ಯಾರಿಗೂ ನೋವಿಲ್ಲ. ಒಂದೇ ಮಳೆಗಾಲಕ್ಕೆ 92 ಅಂಕಿಗಳು ಸಿಗುತ್ತವೆ.

ಹೀಗಾಗಿ ನಾಲ್ಕು ಕೋರಿಕೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು: ಶಾಲೆಯ ಅಂಗಳದಲ್ಲಿ, ಮರ ಮತ್ತು ಮಾಡಿನಿಂದ ದೂರದಲ್ಲಿ ಒಂದು ಮಳೆಮಾಪಕ ಇಡಿ. ಕೊಳ್ಳಲು ಹಣವಿಲ್ಲದಿದ್ದರೆ ಬದಿಗಳು ನೇರವಾಗಿರುವ, ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿಯೂ ಆಗುತ್ತದೆ. ಅದರಲ್ಲಿ ನಿಂತ ನೀರಿನ ಆಳವನ್ನು ಸ್ಕೇಲಿನಿಂದ ಅಳೆದರೆ ಅದೇ ಮಳೆಯ ಮಿ.ಮೀ. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನದನ್ನು ಒಂದು ದಿನದ ಮಳೆ ಎನ್ನುತ್ತದೆ. ಶಾಲೆಯ ಹತ್ತಿರದ ಮನೆಯ ಮಕ್ಕಳು ಸರದಿಯ ಮೇಲೆ ಆ ಹೊತ್ತಿಗೇ ಅಳೆಯಲಿ. ರಜೆಯಲ್ಲಿ ಅಳೆಯಲಾಗದ ದಿನ ಅಂಕಣ ಖಾಲಿ ಇರಲಿ. ಅಂದಾಜಿನಿಂದ ಅಂಕಿ ತುಂಬಬಾರದು ಎಂಬುದನ್ನು ಮಾತ್ರ ಬಿಗಿಯಾಗಿ ಹೇಳಿಕೊಡಿ. ಲೆಕ್ಕದಲ್ಲಿ ಪ್ರಾಮಾಣಿಕತೆ ಎಂದರೇನೆಂದು ಮಗು ಕಲಿಯುವುದು ಆ ಖಾಲಿ ಅಂಕಣದಲ್ಲಿ.

ಎರಡು: ಜೂನ್ 29ರಂದು ಇದನ್ನು ಶುರು ಮಾಡಿ. ಅದು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರ ಜನ್ಮದಿನ. 2007ರಿಂದ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವಾಗಿ ಆಚರಣೆಯಲ್ಲಿದೆ. ನಮ್ಮಲ್ಲಿ ಆರಿದ್ರಾ ಮಳೆಯ ಕಾಲವೂ ಅದೇ. ಅಂದು ಮಕ್ಕಳಿಗೆ ಸಿ.ಆರ್. ರಾವ್ ಅವರ ಬಗ್ಗೆಯೂ ಹೇಳಿ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿ, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಕೆಲಸ ಮಾಡಿ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದವರು ಅವರು. ಈ ಶಾಸ್ತ್ರದ ದೊಡ್ಡ ಹೆಸರೊಂದು ಕರ್ನಾಟಕದ ಮಣ್ಣಿನಲ್ಲೇ ಹುಟ್ಟಿತೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಮೂರು: ಒಮ್ಮೆಯಾದರೂ ವರ್ಗಾಂತರವನ್ನು ಹೇಳದೆ ಬರೀ ಅಂಕಿಗಳನ್ನು ಕೊಡಿ. ತರಗತಿಯನ್ನು ಮೂರು ಗುಂಪು ಮಾಡಿ, ಗುಂಪಿಗೊಂದು ವರ್ಗಾಂತರ ಅವರೇ ಆರಿಸಲಿ. ಮೂರು ಚಿತ್ರಗಳನ್ನೂ ಹಲಗೆಯ ಪಕ್ಕ ಅಂಟಿಸಿ ಯಾವುದು ಹೆಚ್ಚು ಹೇಳುತ್ತದೆ, ಯಾವುದು ಏನನ್ನು ಮುಚ್ಚಿಡುತ್ತದೆ ಎಂದು ಚರ್ಚೆ ಮಾಡಿಸಿ. ಪ್ರತಿ ಚಿತ್ರದ ಕೆಳಗೆ ಮೂರು ವಾಕ್ಯ ಕಡ್ಡಾಯವಾಗಲಿ: ಹೆಚ್ಚಿನ ದಿನಗಳು ಎಲ್ಲಿವೆ, ಬಾಲ ಯಾವ ಕಡೆಗೆ ಚಾಚಿದೆ, ಗುಂಪಿನಿಂದ ದೂರ ಬಿದ್ದ ದಿನ ಯಾವುದು. ಕಿರುಪರೀಕ್ಷೆಯಲ್ಲಿ ಆ ವಾಕ್ಯಗಳಿಗೂ ಅಂಕ ಕೊಡಿ. ಅಂಕ ಸಿಗುವುದಾದರೆ ಮಕ್ಕಳು ಓದುತ್ತಾರೆ.

ನಾಲ್ಕು: ಮೂರು ತಾಲ್ಲೂಕುಗಳ ಶಾಲೆಗಳು ತಮ್ಮ ಹಿಸ್ಟೋಗ್ರಾಮುಗಳನ್ನು ವಿನಿಮಯ ಮಾಡಿಕೊಳ್ಳಲಿ. ಘಟ್ಟದ ಅಂಚಿನ ಶೃಂಗೇರಿಯ ಮಳೆಯೇ ಬೇರೆ, ಭದ್ರಾ ಹಿನ್ನೀರಿನ ದಡದ ನರಸಿಂಹರಾಜಪುರದ ಮಳೆಯೇ ಬೇರೆ. ಕೊಪ್ಪ ಇವೆರಡರ ನಡುವೆ. ಒಂದೇ ವರ್ಗಾಂತರ, ಒಂದೇ ಅಳತೆಯಲ್ಲಿ ಎಳೆದ ಮೂರು ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟರೆ ಪಶ್ಚಿಮದಿಂದ ಪೂರ್ವಕ್ಕೆ ಮಳೆ ಹೇಗೆ ಇಳಿಯುತ್ತದೆಂದು ಗಣಿತದ ತರಗತಿಯಲ್ಲೇ ಕಾಣುತ್ತದೆ. ಅಳತೆ ಬೇರೆ ಬೇರೆಯಾದರೆ ಹೋಲಿಕೆ ಸುಳ್ಳಾಗುತ್ತದೆ ಎಂಬುದೂ ಆಗ ಅರ್ಥವಾಗುತ್ತದೆ. ಸ್ವಂತ ಅಂಕಿಗಳಿಲ್ಲದ ಶಾಲೆಯವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಬಳಸಬಹುದು. ಊರಿನ ಬೆಳೆಗಾರರನ್ನು ಕೇಳಿದರೂ ಪುಸ್ತಕ ತೆಗೆದುಕೊಡುತ್ತಾರೆ.

ಬೆಳೆಗಾರರ ಪರವಾಗಿಯೂ ಒಂದು ಮಾತು. ಹವಾಮಾನ ಹದ ತಪ್ಪಿದೆ ಎಂದು ನಾವು ಜಗುಲಿಯಲ್ಲಿ ಕೂತು ಹೇಳುತ್ತಲೇ ಇರುತ್ತೇವೆ. ಮೊದಲಿನ ಪುಷ್ಯ ಮಳೆ ಈಗಿಲ್ಲ, ಬಂದರೆ ಒಂದೇ ಸಲ ಬರುತ್ತದೆ ಎನ್ನುತ್ತೇವೆ. ಅದು ನಿಜವೋ, ನೆನಪಿನ ಮೋಸವೋ? ಉತ್ತರ ನಮ್ಮ ಪುಸ್ತಕಗಳಲ್ಲೇ ಇದೆ, ಅದನ್ನು ಹೊರತೆಗೆಯುವ ಪುರುಸೊತ್ತು ನಮಗಿಲ್ಲ. ನಿಮ್ಮ ಮಕ್ಕಳು ಹಳೆಯ ಹತ್ತು ವರ್ಷ, ಈಚಿನ ಹತ್ತು ವರ್ಷಗಳ ಮಳೆಯ ದಿನಗಳನ್ನು ಎರಡು ಹಿಸ್ಟೋಗ್ರಾಮ್ ಮಾಡಿ ಪಕ್ಕಪಕ್ಕ ಇಟ್ಟರೆ ಊರಿಗೇ ಉಪಕಾರವಾಗುತ್ತದೆ. ಎರಡು ಮಳೆಗಳ ನಡುವಿನ ಹೊಳವು ಎಷ್ಟೆಷ್ಟು ದಿನ ಇತ್ತು ಎಂಬುದರ ಹಿಸ್ಟೋಗ್ರಾಮ್ ಮಾಡಿಕೊಟ್ಟರೆ, ಎರಡನೇ ಸಲ ಬೋರ್ಡೋ ಹೊಡೆಯಲು ಎಷ್ಟು ದಿನದ ಹೊಳವನ್ನು ನೆಚ್ಚಿಕೊಳ್ಳಬಹುದೆಂದು ನಮಗೊಂದು ಅಂದಾಜು ಸಿಗುತ್ತದೆ. ಎಲೆಚುಕ್ಕೆ, ಹಳದಿ ಎಲೆ, ಕೊಳೆ ಎಂದು ಕಂಗಾಲಾಗಿರುವ ಬೆಳೆಗಾರರಿಗೆ ಶಾಲೆಯ ಗಣಿತ ಹೀಗೂ ಆಸರೆಯಾಗಬಲ್ಲದು. ತಾನು ಎಳೆದ ಚಿತ್ರವನ್ನು ಮನೆಯಲ್ಲಿ ಅಪ್ಪ, ಅಮ್ಮ ಕನ್ನಡಕ ಹಾಕಿಕೊಂಡು ನೋಡಿ ಪ್ರಶ್ನೆ ಕೇಳಿದರೆ, ಗಣಿತ ಎಂದರೆ ಹೆದರುವ ಮಗುವಿಗೂ ಧೈರ್ಯ ಬರುತ್ತದೆ.

ನನ್ನ ಮಳೆ ಪುಸ್ತಕಗಳನ್ನು ಯಾವ ಶಾಲೆ ಕೇಳಿದರೂ ಕೊಡಲು ಸಿದ್ಧನಿದ್ದೇನೆ. ನಕಲು ಮಾಡಿಕೊಂಡು ಹಿಂತಿರುಗಿಸಿದರೆ ಆಯಿತು. ಬೇರೆ ಬೆಳೆಗಾರರನ್ನೂ ಕೇಳಿ ಒಪ್ಪಿಸುವ ಹೊಣೆ ನನ್ನದು. ಅಳೆಯುವುದನ್ನು ತೋರಿಸಿಕೊಡಲು ಶಾಲೆಗೆ ಬನ್ನಿ ಎಂದರೆ ಬರುತ್ತೇನೆ. ಕಲಿಸುವ ಕೆಲಸ ನಿಮ್ಮದು, ಅದು ನಿಮಗೇ ಚೆನ್ನಾಗಿ ಗೊತ್ತು. ಈ ಮಳೆಗಾಲದಲ್ಲಿ ಒಂದು ಶಾಲೆಯಾದರೂ ಶುರು ಮಾಡಲಿ, ಮುಂದಿನ ವರ್ಷಕ್ಕೆ ಉಳಿದವರು ಜೊತೆಯಾಗಲಿ ಎಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಗೌರವಾದರಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಹಿರೇಕೊಡಿಗೆ, ಕೊಪ್ಪ ತಾಲ್ಲೂಕು
ಚಿಕ್ಕಮಗಳೂರು ಜಿಲ್ಲೆ